ಬೀಗರ ಜೊತೆ ಡ್ರ್ಯಾಗನ್ ಬೇಟೆ

ಇನ್ನು ನಮ್ಮ ತಂಡ ಗಟ್ಟಿಯಾಯಿತು ಎಂದು ಮಂಜಣ್ಣ ತನ್ನ ಮಗಳ ಮದುವೆಯ ಊಟದಲ್ಲಿ ಅಂದಿದ್ದ. ತಂಡವೆಂದರೆ, ಗೆಳೆಯರೇ, ಮೊಬೈಲಿನ ಆಟದಲ್ಲಿ ಒಟ್ಟಾಗಿ ಡ್ರ್ಯಾಗನ್ ಕೊಲ್ಲುವ ನಾವು ಐವರು ನಡುವಯಸ್ಸಿನವರು. ಕೊಟ್ಟೂರಿನ ಮಂಜಣ್ಣ ನಾಯಕ. ಗಾಯಗೊಂಡವರಿಗೆ ಔಷಧ ಹಾಕುವವನು ಹಡಗಲಿಯ ಶರಣಪ್ಪ. ಮಂಜಣ್ಣನ ಮಗಳು ಶರಣಪ್ಪನ ಮನೆಗೆ ಸೊಸೆಯಾಗಿ ಹೋದ ಮೇಲೆ ಇಬ್ಬರೂ ಬೀಗರು.

ಮೊದಲೆಲ್ಲ ಮಂಜಣ್ಣ, "ಲೇ ಶರಣ್ಯಾ, ನಿದ್ದಿ ಹೊಡಿಯಾಕತ್ತಿಯೇನು? ಔಷಧ ಹಾಕಲೇ!" ಎಂದು ಚೀರುತ್ತಿದ್ದ. ನಾವು ಗೆಲ್ಲುತ್ತಿದ್ದೆವು.

ಯುಗಾದಿಯಿಂದ ನಾವು ಬೆನ್ನು ಹತ್ತಿದ್ದ ಡ್ರ್ಯಾಗನ್ ಅವಧಿ ಮುಗಿದು ಇಂದು ಸಂಜೆ ಆಟದಿಂದಲೇ ಮಾಯವಾಗುವುದಿತ್ತು; ನಮಗೆ ಇದೇ ಕೊನೆಯ ಅವಕಾಶ. ಅದರ ಪ್ರಾಣ ಒಂದು ಎಳೆಯಷ್ಟು ಉಳಿದಿತ್ತು, ಮಂಜಣ್ಣನದೂ ಅಷ್ಟೇ. ಇಯರ್‌ಫೋನಿನಲ್ಲಿ ಅವನ ದನಿ ಮೆಲ್ಲಗೆ ಬಂತು.

"ಬೀಗರ, ತಮಗ ತ್ರಾಸ ಆಗಂಗಿಲ್ಲಂದ್ರ ಸ್ವಲ್ಪ ಔಷಧ..."

"ಅಯ್ಯ, ತ್ರಾಸ ಏನ್ ಬಂತ್ರಿ ಬೀಗರ? ಅಪ್ಪಣಿ ಕೊಡ್ರಿ, ಹಾಕ್ತೀನಿ."

"ಹೆಣ್ಣು ಕೊಟ್ಟೋರು ನಾವು. ನಿಮಗ ಅಪ್ಪಣಿ ಕೊಡೋದು ಹೆಂಗ್ರಿ?"

"ಲೇ, ಮೊದ್ಲು ಹಾಕ್ರಲೇ!" ಎಂದು ನಾನೇ ಕೂಗಿದೆ.

ಡ್ರ್ಯಾಗನ್ ಅಷ್ಟು ಹೊತ್ತು ಕಾಯಲಿಲ್ಲ. ಐವರೂ ಸತ್ತೆವು. ಸತ್ತ ಮೇಲೂ ಬೀಗರಿಬ್ಬರು ತಪ್ಪು ತಮ್ಮದೇ ಎಂದು ಪೈಪೋಟಿಯಲ್ಲಿ ಹೇಳಿಕೊಳ್ಳುತ್ತಿದ್ದರು.

ಹಡಗಲಿಯಲ್ಲಿ ಸುಖವಾಗಿರುವ ಮಂಜಣ್ಣನ ಮಗಳೇ, ಆಟದ ಹೊತ್ತಿಗೆ ಮಾತ್ರ ನಿನ್ನ ಅಪ್ಪ ನಿನ್ನ ಮಾವನನ್ನು ಬೈದರೆ ನಿನ್ನದೇನೂ ಅಭ್ಯಂತರವಿಲ್ಲ ತಾನೇ?