ಡಾಂಬರಿನೊಳಗಿನ ಗುಂಪು

ಮೊನ್ನೆ ಕುದೂರಿನಲ್ಲಿ ಬಸ್ಸಿಳಿದಾಗ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟಿದರೆ ನಾನೊಬ್ಬಳು ಆ ಕಮಟು ಹೊಗೆಯಲ್ಲೇ ನಿಂತುಬಿಟ್ಟೆ. ನಮ್ಮ ಲ್ಯಾಬಿನ ಅಣ್ಣನ ಅಂಗಿಯೂ ಹೀಗೇ ನಾರುತ್ತಿತ್ತು...

ನಾನು ಸಂಶೋಧನೆಗೆ ಸೇರಿದಾಗ ಅವರು ಅಲ್ಲಿ ಹಿರಿಯರು. ಸಾತನೂರು ಕಡೆಯ ಕುರಿ ಸಾಕುವ ಮನೆಯವರು. ಮಂದವಾದ ಕಚ್ಚಾ ತೈಲದಲ್ಲಿ ಡಾಂಬರಿನಂಥ ಕಪ್ಪು ಅಂಶವೊಂದಿರುತ್ತದೆ. ಕೊಳವೆಗಳಲ್ಲಿ ಗಟ್ಟಿಯಾಗಿ ಕೂತು ದಾರಿ ಕಟ್ಟುವುದು ಅದೇ. ಅದರ ಅಣುಗಳು ಒಳಗೆ ಹೇಗಿರುತ್ತವೆ ಎನ್ನುವುದೇ ಅಣ್ಣನ ಹುಚ್ಚು.

“ಬಿಸ್ಲಿಗೆ ಕುರಿ ತಲೆ ಒತ್ಕೊಂಡು ಗುಂಪಾಗಿ ನಿಲ್ತವಲ್ಲ, ಇವೂ ಹಂಗೇ ಇರ್ಬೇಕು ಕಣವ್ವಾ. ಸಾಯೋದ್ರೊಳ್ಗೆ ಒಂದ್ಸಲ ನೋಡ್ಬುಡ್ಬೇಕು,” ಎನ್ನುತ್ತಿದ್ದರು.

ನೋಡಬೇಕಾದರೆ ನ್ಯೂಟ್ರಾನ್ ಹಾಯಿಸಬೇಕು. ಅವು ಚದುರುವ ರೀತಿಯಿಂದ ಒಳಗಿನ ಆಕಾರ ತಿಳಿಯುತ್ತದೆ. ಆ ಯಂತ್ರವಿದ್ದದ್ದು ದೂರದ ಊರಿನಲ್ಲಿ. ಅರ್ಜಿ ಹಾಕಿ ಕಾದು ಕಾದು ಸಾಕಾದ ಮೇಲೆ ಎರಡು ದಿನ ಸಿಗುತ್ತಿತ್ತು. ಕಪ್ಪು ಅಂಶವನ್ನು ಕರಗಿಸಲು ಮಾಮೂಲಿ ದ್ರಾವಕ ಆಗದು, ಅದರಲ್ಲಿನ ಹೈಡ್ರೋಜನ್ ನ್ಯೂಟ್ರಾನುಗಳನ್ನು ದಿಕ್ಕಾಪಾಲು ಮಾಡಿಬಿಡುತ್ತದೆ. ಭಾರದ ಹೈಡ್ರೋಜನ್ನಿಂದ ಮಾಡಿದ ದ್ರಾವಕವೇ ಬೇಕು. ನೋಡಲು, ಮೂಸಲು ಎರಡು ದ್ರಾವಕವೂ ಒಂದೇ ಥರ.

ನಾವು ಅಲ್ಲಿಗೆ ತಲುಪುವಷ್ಟರಲ್ಲಿ ಮುಚ್ಚಳ ಸಡಿಲವಾಗಿ ಶೀಶೆಗಳು ಅರ್ಧಕ್ಕಿಳಿದಿದ್ದವು. ಸರದಿ ಬೇರೆ ಬಂದಿತ್ತು. ಆತುರದಲ್ಲಿ ಅಣ್ಣ, ಶೀಶೆ ತೊಳೆಯಲು ತಂದಿದ್ದ ಮಾಮೂಲಿ ದ್ರಾವಕವನ್ನೇ ಭಾರದ್ದೆಂದುಕೊಂಡು ಎಲ್ಲಕ್ಕೂ ತುಂಬಿಸಿಬಿಟ್ಟರು. ಅಣುಗಳು ಗುಂಪಾಗಿದ್ದರೆ ಪರದೆಯ ಮೇಲೆ ಇಳಿಜಾರು ಗೆರೆ ಮೂಡಬೇಕು, ಬಂದದ್ದು ಮಟ್ಟಸವಾದ ಗೆರೆ. ಮತ್ತೆ ಕರಗಿಸೋಣವೆಂದರೆ ಕಪ್ಪು ಪುಡಿ ಲ್ಯಾಬಿನಲ್ಲೇ ಉಳಿದಿತ್ತು. ಅದನ್ನೇ ನೋಡುತ್ತ ಕೂತರು...

“ಹಾಲಿಗೆ ನೀರು ಹುಯ್ದ್ಬುಟ್ಟೆ ಕಣವ್ವಾ,” ಎಂದು ನಕ್ಕರು. ಆ ನಗು ನನಗೆ ಇವತ್ತಿಗೂ ಸಹಿಸಲಾಗದು.

ಮತ್ತೆ ದಿನ ಸಿಗುವ ಮೊದಲೇ ಅವರ ಫೆಲೋಶಿಪ್ ಮುಗಿಯಿತು. ಕನಕಪುರದ ಕಾಲೇಜೊಂದರಲ್ಲಿ ಪಾಠಕ್ಕೆ ನಿಂತರು. ಫೋನಿನಲ್ಲಿ ಊಟ, ಆರೋಗ್ಯ ಏನೂ ಇಲ್ಲ, “ದಿನ ಕೊಟ್ರಾ?” ಅಷ್ಟೇ.

ಕೊಟ್ಟರು, ಹೋದ ವರ್ಷ. ಅದಕ್ಕೆ ಕೆಲವೇ ವಾರ ಮುಂಚೆ ಅಣ್ಣ ಹೃದಯಾಘಾತದಲ್ಲಿ ಹೋಗಿಬಿಟ್ಟಿದ್ದರು. ಅವರು ಬೇರ್ಪಡಿಸಿಟ್ಟಿದ್ದ ಕಪ್ಪು ಪುಡಿಯನ್ನೇ ನಾನು ಒಯ್ದೆ. ಇಳಿಜಾರು ಅಚ್ಚುಕಟ್ಟಾಗಿ ಮೂಡಿತು. ಅಲ್ಲಿದ್ದವರು ಕೈಕುಲುಕಿದಾಗ ನನಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲಿ?

ಕುದೂರಿನ ಆ ರಸ್ತೆಯ ಆಚೆ ಹೊಲದಲ್ಲಿ ಕುರಿಗಳು ಬಿಸಿಲಿಗೆ ತಲೆ ಒತ್ತಿಕೊಂಡು ನಿಂತಿದ್ದವು. ಗುಂಪಾಗೇ ಅವೆ ಅಣ್ಣ, ನೀವು ಹೇಳ್ದಂಗೇ... ಹೇಳಬೇಕಾದದ್ದು ಇಷ್ಟೇ ಇತ್ತು. ಕೇಳುವವರೇ ಇಲ್ಲ.