ಜನರೇಟರಿನ ಮೂಲೆಗೆ ಒಡೆದ ಕಾಯಿ

ಸದಲಗಾದಲ್ಲಿ ನಮ್ಮದೊಂದು ಜನರೇಟರ್ ಇದೆ, ಟ್ರಾಲಿಯ ಮೇಲೆ ಕೂತದ್ದು. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಮದುವೆ ಮನೆ, ಕೋಲ್ಡ್ ಸ್ಟೋರೇಜು, ಎಲ್ಲಿ ಕರೆಂಟು ಕೈಕೊಡುತ್ತದೋ ಅಲ್ಲಿಗೆ ಬಾಡಿಗೆಗೆ ಕಳಿಸುತ್ತೇವೆ. ಇಂಜಿನ್ ನನ್ನ ಗಂಡನ ಪಾಲು, ಬಣ್ಣ ನನ್ನ ಪಾಲು. ಯಾರೂ ಹಂಚಿಕೊಟ್ಟದ್ದಲ್ಲ. ಅವರಿಗೆ ಬಣ್ಣ ಕಾಣಿಸುವುದೇ ಇಲ್ಲ, ನನಗೆ ಅದೊಂದೇ ಕಾಣಿಸುತ್ತದೆ.

ಒಂದು ವರ್ಷ ಇಡೀ ಹಂಗಾಮಿನ ಬಾಡಿಗೆ ಆ ಬಣ್ಣದ ಮೇಲೇ ನಿಂತಿತ್ತು. ಹಿಂದಿನ ಸಲ ಅಥಣಿ ಕಡೆಯ ಕೋಲ್ಡ್ ಸ್ಟೋರೇಜಿನ ಮಾಲೀಕರು ಬಂದು, ಜನರೇಟರಿನ ಪೆಟ್ಟಿಗೆಯ ತುಕ್ಕು ಹಿಡಿದ ಬಾಗಿಲನ್ನು ತಟ್ಟಿ, "ಗುಜರಿಗೆ ಹೊಂಟಂಗ ಕಾಣತೈತಲ್ರಿ" ಎಂದು ತಿರುಗಿ ಹೋಗಿದ್ದರು. "ಒಳಗ ಬಂಗಾರದಂಗ ಐತ್ರಿ" ಎಂದು ನನ್ನ ಗಂಡ ಹೇಳಿದ್ದೇ ಹೇಳಿದ್ದು. ನನಗೆ ಮೈಯೆಲ್ಲ ಉರಿದಿತ್ತು. ಈ ಸಲ ಆ ಮಾಲೀಕರೇ ಫೋನ್ ಮಾಡಿ, ಖಂಡೇನವಮಿಯ, ಎಂದರೆ ಆಯುಧಪೂಜೆಯ, ಮರುದಿನ ಇನ್ನೊಮ್ಮೆ ನೋಡುತ್ತೇನೆ ಅಂದರು.

ಬಿಡುತ್ತೇನೆಯೇ ನಾನು! ನಮ್ಮ ಕಡೆ ಹಬ್ಬ ಬಂತೆಂದರೆ ತುಕ್ಕಿನ ಮೇಲೇ ಒಂದು ಕೈ ಪೇಂಟು ಬಳಿದು ಮಶೀನನ್ನು ಪೂಜೆಗೆ ನಿಲ್ಲಿಸುತ್ತಾರೆ. ಸ್ವಲ್ಪ ದಿನಕ್ಕೇ ಅದು ಹಪ್ಪಳದ ಹಾಗೆ ಏಳುತ್ತದೆ. ನಾನು ತುಕ್ಕು ಕೆರೆದೆ, ಪಾಲಿಶ್ ಪೇಪರ್ ಹಿಡಿದು ಉಜ್ಜಿದೆ, ಡೀಸೆಲ್ ಜಿಡ್ಡನ್ನು ಥಿನ್ನರಿನಿಂದ ಒರೆಸಿದೆ. ಮೊದಲು ತುಕ್ಕು ತಡೆಯಲು ರೆಡ್ ಆಕ್ಸೈಡ್ ಬಳಿದು ಒಣಗಿಸಿದೆ, ಆಮೇಲೆ ಹಳದಿ, ಅದು ಒಣಗಿದ ಮೇಲೆ ಮತ್ತೊಮ್ಮೆ ಹಳದಿ. ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ಖಂಡೇನವಮಿಯ ಬೆಳಿಗ್ಗೆ ಅತ್ತೆ ತೆಂಗಿನಕಾಯಿ ಹಿಡಿದು ಬಂದರು. ನಮ್ಮ ಮನೆಯಲ್ಲಿ ಕಾಯಿ ಒಡೆಯುವುದು ಮಶೀನಿನ ಮೂಲೆಗೇ.

"ಕಲ್ಲಿಗೆ ಒಡೀರಿ ಅತ್ತಿ, ನಿಮ್ಮ ಕಾಲಿಗೆ ಬೀಳ್ತೇನಿ" ಅಂದೆ.

"ಒಂದ ವರ್ಷ ಕಲ್ಲಿಗೆ ಒಡದಿದ್ವಿ. ಆ ವರ್ಷನ ನಿಮ್ಮ ಮಾವನ ಬೆರಳ ಬೆಲ್ಟಿನ್ಯಾಗ ಸಿಕ್ತು. ನಿನ್ನ ಬಣ್ಣಾ ದೊಡ್ಡದೊ, ನನ್ನ ಮಗನ ಕೈ ದೊಡ್ಡದೊ?"

ಅಷ್ಟು ಹೇಳಿದವರೇ ಮೂಲೆಗೆ ಫಟ್ ಅಂತ ಒಡೆದೇಬಿಟ್ಟರು. ಬಿಲ್ಲೆಯಷ್ಟು ಬಣ್ಣ ಹಾರಿ ಕಬ್ಬಿಣ ಕಂಡಿತು, ಅದರ ಮೇಲೆ ಕಾಯಿನೀರು ಬೇರೆ. ನನಗೆ ಅಳುವೇ ಬಂತು. ಪ್ರಸಾದ ಮುಟ್ಟದೆ, ನೀರು ಒರೆಸಿ, ಸುತ್ತ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿದೆ. ಮರುದಿನ ನಸುಕಿನಲ್ಲಿ ಹಳದಿ ಹಚ್ಚಿದರಾಯಿತು ಅಂದುಕೊಂಡರೆ, ಮಾಲೀಕರು ಅವತ್ತೇ ಮಧ್ಯಾಹ್ನ ಬಂದು ನಿಂತರು.

"ನಿಪ್ಪಾಣಿಗೆ ಬಂದಿದ್ದೆ, ಹಂಗ ಇದನ್ನೂ ನೋಡ್ಕೊಂಡ ಹೋದ್ರಾತು ಅಂತ ಬಂದೆ" ಅಂದರು. ಹಳದಿ ಮೈಯ ಮೂಲೆಯಲ್ಲಿ ಕೆಂಪು ಕಲೆ. ಅವರು ನೇರವಾಗಿ ಅಲ್ಲಿಗೇ ಹೋದರು.

"ಇದೇನ್ರಿ?"

ನನ್ನ ಗಂಡ ತೊದಲತೊಡಗಿದರು. ನಾನೇ ಬಾಯಿ ಹಾಕಿದೆ. "ನಮ್ಮತ್ತಿ ಕಾಯಿ ಒಡದಾರ್ರಿ, ಬಣ್ಣಾ ಹೋತು. ಕೆಳಗಿನ ಕೆಂಪ ಒಣಗಲಾರದ ಮ್ಯಾಲ ಹಳದಿ ಹಚ್ಚಂಗಿಲ್ರಿ ನಾ."

ಅವರು ಕಲೆಯ ಅಂಚಿನ ಹಳದಿಗೆ ಉಗುರು ಹಾಕಿ ಎಬ್ಬಿಸಲು ನೋಡಿದರು. ಏಳಲಿಲ್ಲ. ಇನ್ನೊಂದು ಕಡೆ ನೋಡಿದರು. ಅಲ್ಲೂ ಏಳಲಿಲ್ಲ.

"ಮುಂಜಾನಿಂದ ಎರಡ ಮಶೀನ್ ನೋಡೇನ್ರಿ. ಎರಡೂ ಮದುಮಗಳಂಗ ಮಿಂಚಾಕತ್ತಿದ್ವು. ಉಗುರ ಹಾಕಿದ್ರ ಸಿಪ್ಪಿ ಬಂದಂಗ ಬಂತು, ಕೆಳಗೆಲ್ಲಾ ತುಕ್ಕ. ಮ್ಯಾಲಿನ ಬಣ್ಣಾನ ಇಷ್ಟ ನೋಡ್ಕೊಂಡವ್ರು ಒಳಗಿನ ಇಂಜಿನ್ ನೋಡ್ಕೊಳ್ಳದ ಬಿಟ್ಟಿರ್ತೀರೇನು?" ಇಂಜಿನ್ ಚಾಲೂ ಮಾಡಿಸಿ ಸದ್ದು ಕೇಳಿ, ಹಂಗಾಮಿಗೆ ಇದನ್ನೇ ಕಳಿಸಿಬಿಡಿ ಎಂದು ಹೇಳಿ ಹೋದರು.

ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಳಗೆ ಓಡಿದರೆ ಅತ್ತೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದರು. ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದರು.

"ನಾ ಕಾಯಿ ಒಡೀಲಿಲ್ಲಂದ್ರ ಅವ್ರಿಗೆ ನಿನ್ನ ಕೆಲಸಾ ಎಲ್ಲಿ ಕಾಣತಿತ್ತವಾ?" ಎಂದು ನನ್ನ ಕೈಗೊಂದು ತುಂಡು ಕೊಟ್ಟರು. "ಬರೂ ವರ್ಷ ಬ್ಯಾರೆ ಮೂಲಿಗೆ ಒಡಿತೇನಿ. ಇನ್ನೂ ಮೂರ ಅದಾವ."