ಅಕ್ಕನ ಮದುವೆಗೆ ನಾನು ಕೊಟ್ಟ ಮಾತು

ವಿಧವೆ ಅಕ್ಕನಿಗೆ ಮತ್ತೆ ಮದುವೆ ಮಾಡಿಸಿದೆ ಎಂದು ತಮಿಳುನಾಡಿನ ತೇನಿಯ ನಮ್ಮ ಆಫೀಸಿನಲ್ಲಿ ಕೆಲವು ಕಾಲ ಎದೆಯುಬ್ಬಿಸಿಕೊಂಡೇ ಓಡಾಡಿದೆ. ಈಗ ಯಾರಾದರೂ ಆ ವಿಷಯ ಎತ್ತಿದರೆ ಎದ್ದು ಟೀ ಕುಡಿಯಲು ಹೋಗುತ್ತೇನೆ.

ಭಾವ ತೀರಿಕೊಂಡಾಗ ಅಕ್ಕನಿಗೆ ಇಪ್ಪತ್ತೇಳು, ಮಗಳಿಗೆ ನಾಲ್ಕು. ಮೂರು ವರ್ಷ ಅವಳು ಮಾರ್ಕಯನ್‌ಕೋಟ್ಟೈಯ ಅತ್ತೆಮನೆಯಲ್ಲಿ ಬೋಳು ಹಣೆಯಲ್ಲೇ ದುಡಿದಳು. ಒಡ್ಡನ್‌ಛತ್ರಂ ತರಕಾರಿ ಮಂಡಿಯ ವ್ಯಾಪಾರಿಯೊಬ್ಬರು, ನಮ್ಮವರೇ, ಹೆಂಡತಿಯನ್ನು ಕಳೆದುಕೊಂಡವರು, ಅಕ್ಕನನ್ನು ಮದುವೆಯಾಗಲು ಒಪ್ಪಿದರು. ಅಕ್ಕನನ್ನೂ ಹೇಗೋ ಒಪ್ಪಿಸಿದೆ. ಉಳಿದದ್ದು ಅವಳ ಅತ್ತೆ. ಜಗಳಕ್ಕೆ ಸಜ್ಜಾಗಿಯೇ ಹೋಗಿದ್ದೆ. ಆಕೆ ಜಗಳವಾಡಲೇ ಇಲ್ಲ.

"ಅವ್ಳು ಹೋಗ್ಲಿ ತಂಬಿ. ಚಿಕ್ಕ ವಯಸು, ನಾನೇನ್ ಕಣ್ಣಿಲ್ದವ್ಳಾ? ಆದ್ರೆ ಕೂಸು ನಮ್ಮ ಸಾಮಿಗೆ ಸೇರಿದ್ದು. ಅದು ಇಲ್ಲೇ ಇರ್ಲಿ. ಅವ್ಳು ಮತ್ತೆ ಈ ಹೊಸ್ಲು ತುಳೀಬಾರ್ದು."

ನಮ್ಮಲ್ಲಿ ಮತ್ತೊಂದು ತಾಳಿ ಕಟ್ಟಿಸಿಕೊಂಡವಳು ಮೊದಲ ಗಂಡನ ಮನೆದೇವರ ಮುಂದೆ ನಿಲ್ಲುವಂತಿಲ್ಲ. ಮೊದಲು ಮದುವೆ ಮುಗಿಯಲಿ, ಮಗುವನ್ನು ಆಮೇಲೆ ಕರೆತಂದರಾಯಿತು ಎಂದುಕೊಂಡು ಆ ದೇವರ ಮುಂದೆಯೇ ನಿಂತು, ಕೂಸು ಇಲ್ಲೇ ಇರಲಿ ಎಂದು ಮಾತು ಕೊಟ್ಟುಬಿಟ್ಟೆ. ಅಕ್ಕನನ್ನು ಒಂದು ಮಾತು ಕೇಳಲಿಲ್ಲ. ನಾಲ್ಕು ದಿನ ತಡಿ, ಕರೆತರುತ್ತೇನೆ ಎಂದು ಅವಳಿಗೆ ಹೇಳಿದೆ. ಆಮೇಲೆ ಎಷ್ಟು ಸಲ ಹೋದರೂ ಅವಳ ಅತ್ತೆ ದೇವರ ಕೋಣೆಯ ಕಡೆ ಕೈ ತೋರಿಸುತ್ತಿದ್ದರು. ಕೋರ್ಟಿಗೆ ಹೋಗೋಣವೆಂದರೆ ಅಕ್ಕನೇ ಬೇಡವೆಂದಳು. ಕೂಸನ್ನು ಅಲ್ಲಿ ನಿಲ್ಲಿಸಿ ಯಾರು ಬೇಕು ಅಂತ ಕೇಳಿಸಬೇಡ ಎಂದಳು. ಅವಳ ಮದುವೆ ತಪ್ಪಲ್ಲ. ನಾನು ಕೊಟ್ಟ ಮಾತು ತಪ್ಪು.

ಹೋದ ವರ್ಷ ಹುಡುಗಿ ದೊಡ್ಡವಳಾದಳು. ಆ ಶಾಸ್ತ್ರಕ್ಕೆ ಸೋದರಮಾವ ಸೀರೆ ತಟ್ಟೆ ಹೊತ್ತುಕೊಂಡು ಹೋಗಬೇಕು. ಗೌರವವೆಲ್ಲ ನನಗೆ, ಹೆತ್ತವಳು ಆ ಬೀದಿಗೂ ಬರುವಂತಿಲ್ಲ. ಸೀರೆ ಆರಿಸಿದ್ದು ಅಕ್ಕ, ರವಿಕೆ ಹೊಲಿದದ್ದೂ ಅವಳೇ. ಮಗಳನ್ನು ಕಣ್ಣಾರೆ ನೋಡಿ ಆರು ವರ್ಷವಾಗಿತ್ತು. ನನ್ನ ಮೊಬೈಲಿನ ಫೋಟೊಗಳಲ್ಲಿ ಕಾಣುತ್ತಿದ್ದುದು ಬರೀ ಮುಖ. ಅಳತೆ ತರಲೇ ಎಂದು ಕೇಳಿದ್ದಕ್ಕೆ ರೇಗಿದಳು.

"ನಾ ಹೆತ್ತ ಕೂಸಿನ ಅಳ್ತೆ ನಂಗೆ ತಿಳೀದಾ?"

ಶಾಸ್ತ್ರದ ದಿನ ಒಳಗೆ ಹೆಂಗಸರು ತೊಡಿಸಲು ನೋಡಿದರೆ ರವಿಕೆಯ ತೋಳು ಮೊಣಕೈ ದಾಟಲಿಲ್ಲ. ಎಲ್ಲರೂ ನಕ್ಕರು. ಹುಡುಗಿ ಬಾಗಿಲಿನಿಂದ ತಲೆ ಹಾಕಿ, "ಯಾವ ಟೈಲರ್ ಮಾವಾ?" ಎಂದು ತಾನೂ ನಕ್ಕಳು. ಇಲ್ಲದ ಟೈಲರನ್ನು ನಾನು ಬಾಯಿಗೆ ಬಂದಂತೆ ಬೈದೆ.

ಮರುದಿನ ಒಡ್ಡನ್‌ಛತ್ರಕ್ಕೆ ಹೋದೆ. ಅಕ್ಕ ನೀರು ಕೂಡ ಕೊಡದೆ ಬಾಗಿಲಲ್ಲೇ ಕೇಳಿದಳು.

"ಸರಿಯಾಗಿತ್ತಾ ತಂಬಿ?"

"ಅಳ್ತೆ ತೆಗ್ದು ಹೊಲ್ದಂಗಿತ್ತು ಅಕ್ಕಾ."

ಅವಳ ಮುಖ ಅರಳಿತು. ಒಳಗಿನಿಂದ ಹೊಸ ಬಟ್ಟೆ ತಂದು, ಅದೇ ಅಳತೆಗೆ ಇನ್ನೂ ಎರಡು ಕತ್ತರಿಸಲು ಕುಳಿತಳು.